ಹೊಳೆದಂಡೆಯ ಪುನುಗು

ಇದು ನಡೆದದ್ದೋ ಕಟ್ಟಿದ್ದೋ ಎಂದು ಅನುಮಾನ ಬಂದವರು ಕಳಸಕ್ಕೆ ಬಂದು ದೇವರಾಜ ಗೌಡರನ್ನೇ ವಿಚಾರಿಸಬಹುದು. ಅವರು ಜೀಪಿನಲ್ಲಿ ಕೂರಿಸಿಕೊಂಡು ಸಂಸೆ ರಸ್ತೆಯ ತೋಟಕ್ಕೆ ಕರೆದೊಯ್ದು, ಜಗಲಿಯಲ್ಲಿ ಕೂರಿಸಿ, ಮೊದಲಿನಿಂದ ಕೊನೆಯ ತನಕ ತಾವೇ ಹೇಳುತ್ತಾರೆ. ಎಚ್ಚರಿಕೆ ಒಂದೇ. ಕತೆ ಪೂರ್ತಿ ಮುಗಿಯುವ ಮುಂಚೆ ಅವರು ಕೊಟ್ಟ ಕಾಫಿ ಲೋಟಕ್ಕೆ ಕೈ ಹಾಕಬೇಡಿ.

ಪುರೋಹಿತ ಪರಮೇಶ್ವರ ಭಟ್ಟರ ಮಗಳು ಪಂಚಮಿಗೆ ಸೊಸೈಟಿಯಲ್ಲಿ ಕೆಲಸ. ಮೂಡಿಗೆರೆಯಲ್ಲಿ ಕಾಲೇಜು ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಇಡೀ ಕ್ಲಾಸಿಗೆ ರಜೆ ಕೊಡಿಸಿದ ಕೀರ್ತಿ ಅವಳದು. ಬಸ್ ಕಂಡಕ್ಟರು, ಫೋನಿನಲ್ಲಿ ಒಂದನ್ನು ಒತ್ತಿ ಎರಡನ್ನು ಒತ್ತಿ ಎನ್ನುವ ಹೆಂಗಸು, ತೆಂಗಿನಕಾಯಿ ಹಾಕಿದ ಮಿಕ್ಸಿ, ಯಾರ ದನಿ ಬೇಕಾದರೂ ಅವಳ ಗಂಟಲಿನಲ್ಲಿ ಬಾಡಿಗೆಗೆ ಇರುತ್ತಿತ್ತು. ಆದರೆ ಆ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಅವಳ ಸ್ವಂತ ದನಿಯನ್ನು ಮಾತ್ರ ಕೇಳುವವರೇ ಇರಲಿಲ್ಲ.

ಅವಳ ನಾಯಿಯ ಹೆಸರು ಕರಿಯ. ಮಳೆಗಾಲದಲ್ಲಿ ಯಾವುದೋ ಜೀಪು ತಗುಲಿ ಅದರ ಸೊಂಟ ಬಿದ್ದುಹೋಗಿತ್ತು. ಪಶು ಆಸ್ಪತ್ರೆಯ ಡಾಕ್ಟರು ಔಷಧಿಗಿಂತ ನೀರೇ ಒಳ್ಳೆಯದು ಎಂದಿದ್ದರು. ಎದೆಮಟ್ಟದ ನೀರಿನಲ್ಲಿ ದಿನಾ ನಡೆಸಿದರೆ ಮೈಭಾರ ಕಾಲಿಗೆ ಬೀಳುವುದಿಲ್ಲ, ಹಿಂಗಾಲು ತಾನಾಗಿ ಕೆಲಸ ನೆನಪಿಸಿಕೊಳ್ಳುತ್ತದೆ, ನಡುವೆ ಬಿಟ್ಟರೆ ಮತ್ತೆ ನೆಲ ಹಿಡಿಯುತ್ತದೆ ಅಂತ. ಭಟ್ಟರ ಮನೆಯ ಹಿಂದೆಯೇ ಭದ್ರೆ ಹರಿಯುತ್ತಿದ್ದರೂ ಅಲ್ಲಿ ಬರೀ ಬಂಡೆ. ಸೊಂಟ ಗಟ್ಟಿ ಇದ್ದವರೇ ಜಾರುವ ಜಾಗ. ನಿಧಾನವಾಗಿ ಇಳಿಜಾರಾಗಿ ನೀರಿಗೆ ಇಳಿಯುವುದು ಊರಿನ ಹೊಳೆದಂಡೆಯ ಮಳಲು ಮಾತ್ರ. ಚಳಿಗಾಲದಲ್ಲಿ ನೀರು ಇಳಿದಾಗ ಅಗಲವಾಗಿ ತೆರೆದುಕೊಳ್ಳುವ ಆ ಮರಳಿಗೆ ಹುಡುಗರು ಕಳಸದ ಬೀಚು ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ವಾಕಿಂಗಿನವರು, ಸ್ನಾನದವರು, ಬಟ್ಟೆ ಒಗೆಯುವವರು, ಹೋಂಸ್ಟೇಯಿಂದ ಬಂದು ನೀರಿಗೆ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುವವರು, ಎಲ್ಲರಿಗೂ ಅದೇ ಜಾಗ.

ಹಾಗಾಗಿ ಪಂಚಮಿ ಎಲ್ಲ ನೇಮ ಪಾಲಿಸುತ್ತಿದ್ದಳು. ಕರಿಯನ ಕುತ್ತಿಗೆಗೆ ಬೆಲ್ಟು, ಕೈಯಲ್ಲಿ ಹಗ್ಗ, ಸ್ನಾನದ ಜಾಗದಿಂದ ದೂರ ಕೆಳಭಾಗದ ನೀರು, ಚೀಲದಲ್ಲಿ ಹಳೇ ಪೇಪರು. ಕರಿಯ ಗಲೀಜು ಮಾಡಿದರೆ ಪೇಪರಿನಲ್ಲಿ ಎತ್ತಿ, ಕಟ್ಟಿ, ಒಯ್ದು ಮನೆ ಹಿಂದಿನ ಬಾಳೆ ಬುಡದಲ್ಲಿ ಹೂಳುವುದು. ಆಮೇಲೆ ಸ್ನಾನ ಮಾಡದೆ ಒಳಗೆ ಕಾಲಿಡಬಾರದೆಂದು ತಾಯಿ ಭಾಗೀರಥಿಯ ಕಟ್ಟಪ್ಪಣೆ. ಡಿಸೆಂಬರಿನ ಚಳಿಯಲ್ಲಿ ಬಚ್ಚಲಿಗೆ ಓಡುವಾಗಲೆಲ್ಲ ಪಂಚಮಿ ಯಾರನ್ನು ಬೈಯಬೇಕೆಂದು ತಿಳಿಯದೆ ಹಂಡೆಯನ್ನು ಬೈಯುತ್ತಿದ್ದಳು.

ಅವಳನ್ನು ನಿಜಕ್ಕೂ ಕೆರಳಿಸಿದ್ದು ಚಳಿಯಲ್ಲ, ಮೇಜರ್.

ಮೇಜರ್ ದೇವರಾಜ ಗೌಡರ ನಾಯಿ. ಎಮ್ಮೆ ಕರುವಿನಷ್ಟು ಎತ್ತರ, ಜೇನಿನ ಬಣ್ಣ, ಮುಖದಲ್ಲಿ ಸದಾ ಪಿಂಚಣಿ ಬಂದ ತೃಪ್ತಿ. ಗೌಡರು ದಿನಾ ಬೆಳಿಗ್ಗೆ ಜೀಪನ್ನು ದಂಡೆಯ ಅಂಚಿಗೆ ತಂದು ನಿಲ್ಲಿಸುವರು. ಹಿಂದಿನಿಂದ ಮೇಜರ್ ಧುಮುಕುವುದು. ಗೌಡರು ಸೀಟಿನಲ್ಲೇ ಕೂತು, ಕನ್ನಡಕ ಏರಿಸಿ, ಪೇಪರು ಬಿಡಿಸುವರು. ಪೇಪರು ಮುಗಿದ ಮೇಲೆ ಎರಡು ಸಲ ಹಾರ್ನ್. ಮೇಜರ್ ಓಡಿ ಬಂದು ಹತ್ತುವುದು. ಇದಕ್ಕೆ ಅವರು ನಾಯಿಯನ್ನು ವಾಕಿಂಗ್ ಮಾಡಿಸುವುದು ಎನ್ನುತ್ತಿದ್ದರು.

ಆ ಎರಡು ಹಾರ್ನುಗಳ ನಡುವೆ ಮೇಜರ್ ಏನು ಮಾಡುತ್ತಿತ್ತೆಂದು ಪಂಚಮಿಗೆ ಗೊತ್ತಿತ್ತು. ದಂಡೆಯ ಮೇಲೆ ಒಂದು ದೊಡ್ಡ ಬಂಡೆ ಇತ್ತು; ಅದರ ಹಿಂದೆ ಹೋಗಿ, ತನ್ನ ಗಾತ್ರಕ್ಕೆ ತಕ್ಕಂತೆ ಮುಗಿಸಿ ಬರುತ್ತಿತ್ತು. ಬಟ್ಟೆ ಒಗೆಯಲು ಬಂದವರು ತುಳಿದು ಕೂಗಾಡುವುದನ್ನು ನೋಡಲಾರದೆ ಪಂಚಮಿ ಅದನ್ನೂ ಎತ್ತತೊಡಗಿದಳು. ಅಲ್ಲಿಗೆ ಅವಳ ಕೆಟ್ಟ ಗಳಿಗೆ ಶುರುವಾಯಿತು. ದಿನಾ ಎತ್ತುವವಳು ಅವಳು. ತನ್ನ ನಾಯಿಯದಲ್ಲದಿದ್ದರೆ ಯಾರಾದರೂ ಎತ್ತುತ್ತಾರೆಯೇ? ಹೀಗೆ ಊರು ಸರಳವಾಗಿ ಲೆಕ್ಕ ಹಾಕಿ, ದಂಡೆಯ ಗಲೀಜೆಲ್ಲ ಕರಿಯನದೇ ಎಂದು ತೀರ್ಮಾನಿಸಿತು. ಸೊಂಟ ಬಿದ್ದ ಬಡಕಲು ನಾಯಿ ಅಷ್ಟು ಹೇಗೆ ಮಾಡೀತು ಎಂದು ಯಾರಿಗೂ ಅನ್ನಿಸಲಿಲ್ಲ. ಭಟ್ಟರ ಮನೆಯ ಊಟವಲ್ಲವೇ, ಚೆನ್ನಾಗಿ ಇಳಿಯುತ್ತದೆ ಎಂದು ಯಾರೋ ಅಂದರಂತೆ.

ಎತ್ತುವುದನ್ನು ಬಿಟ್ಟು ನೋಡಿದಳು. ಈಗ ಎತ್ತುವುದನ್ನೂ ಬಿಟ್ಟಿದ್ದಾಳೆ ನೋಡಿ ಎಂದರು. ಮತ್ತೆ ಎತ್ತತೊಡಗಿದಳು.

ಇಂಥದ್ದರಲ್ಲಿ ಒಂದು ದಿನ ಗೌಡರು ಪೇಪರು ಬೇಗ ಮುಗಿಸಿ, ಹೊಸ ಬಿಳಿ ಬೂಟಿನಲ್ಲಿ ಮಳಲಿಗೆ ಇಳಿದರು. ಬಂಡೆಯ ತನಕ ಹೋದರು. ತುಳಿದರು. ಆ ವಾರವೇ ಹೊಳೆದಂಡೆ ಸಮಿತಿಯ ಸಭೆ ಸೇರಿತು. ಸಮಿತಿಗೆ ಅಧ್ಯಕ್ಷ ಗುರುವಯ್ಯ, ನಿವೃತ್ತ ಪೋಸ್ಟ್ ಮಾಸ್ಟರು, ಯಾರು ಏನು ಹೇಳಿದರೂ ಮುದ್ರೆ ಒತ್ತಿದಂತೆ ತಲೆಯಾಡಿಸುವವರು. ದಂಡೆಗೆ ಇನ್ನು ನಾಯಿಗಳು ಬರಕೂಡದು, ತಿಂಗಳ ಕೊನೆಗೆ ಬೋರ್ಡು ಹಾಕಬೇಕು, ಬೋರ್ಡು ತಾನೇ ಬರೆಸಿಕೊಡುತ್ತೇನೆ ಎಂದು ಗೌಡರು ಹೇಳಿದರು. ಮೇಜರ್‌ಗೆ ಅದರಿಂದ ನಷ್ಟವಿರಲಿಲ್ಲ. ಓಡಾಡಲು ಅದಕ್ಕೆ ಒಂದು ಗುಡ್ಡದಷ್ಟು ತೋಟವಿತ್ತು. ಕರಿಯನಿಗೆ ಇದ್ದದ್ದು ಮಳಲಿನ ಅಂಚಿನ ಆ ಎದೆಮಟ್ಟದ ನೀರು ಮಾತ್ರ. ಹಿಂಗಾಲು ಆಗಷ್ಟೇ ಒಂದೊಂದು ಸಲ ನೆಲ ಒದೆಯಲು ಶುರುಮಾಡಿತ್ತು.

ಪಂಚಮಿ ಜೀಪಿನ ಹತ್ತಿರ ಹೋಗಿ, ದನಿ ಆದಷ್ಟು ತಗ್ಗಿಸಿ, ಗಲೀಜು ಮೇಜರ್‌ದು ಎಂದು ಹೇಳಿದಳು. ಅವಳ ಹತ್ತಿರ ಸಾಕ್ಷಿಯೂ ಇತ್ತು. ಕುಯ್ಲಿನ ಕಾಲದಲ್ಲಿ ತೋಟದ ನಾಯಿಗಳು ಸಿಹಿಯಾಗಿದೆಯೆಂದು ಕೆಳಗಿನ ಕೊಂಬೆಯ ಕಾಫಿ ಹಣ್ಣು ತಿನ್ನುತ್ತವೆ. ತಿರುಳು ಕರಗಿ ಬೀಜ ಹಾಗೇ ಹೊರಬರುತ್ತದೆ. ಬಂಡೆಯ ಹಿಂದಿನದರಲ್ಲಿ ಕಾಫಿ ಬೀಜ ತುಂಬಿತ್ತು. ಕರಿಯ ಹುಟ್ಟಿದಾಗಿನಿಂದ ತಿಂದದ್ದು ಮೊಸರನ್ನ. ಭಟ್ಟರ ಹಿತ್ತಲಲ್ಲಿ ಬಾಳೆ, ತುಳಸಿ ಬಿಟ್ಟರೆ ಬೇರೆ ಗಿಡವೇ ಇರಲಿಲ್ಲ.

ಗೌಡರು ಪೇಪರು ಮಡಚಿ ಕರುಣೆಯಿಂದ ನೋಡಿದರು. "ಎಂಥ ಮಾರಾಯ್ತಿ ನೀನು. ನಮ್ ಮೇಜರ್ ತಿನ್ನೋದು ಡಬ್ಬದ ಊಟ, ಅದೂ ಪೇಟೆಯಿಂದ ತರ್ಸೋದು. ತೋಟದ ಕೆಲ್ಸ ತೋಟದಲ್ಲೇ ಮುಗ್ಸಿ ಜೀಪು ಹತ್ತೋ ನಾಯಿ ಅದು. ಕಾಫಿ ಬೀಜ ಇದ್ರೆ ಅದು ಪುನುಗಿನ ಬೆಕ್ಕಿಂದು. ಕಾಲೇಜು ಓದಿದ್ದೀಯ, ಇಷ್ಟು ಗೊತ್ತಿಲ್ವಾ?"

ಪುನುಗಿನ ಬೆಕ್ಕು ಕಾಫಿ ಹಣ್ಣು ತಿಂದು ಹಾಕುವ ಬೀಜಕ್ಕೆ ಪೇಟೆಯಲ್ಲಿ ಚಿನ್ನದ ಮಾತು ನಡೆಯುತ್ತದೆ ಎಂಬುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೆ ಬೆಕ್ಕು ಕಾಡು ಬಿಟ್ಟು, ಹೊಳೆ ದಾಟಿ, ದಿನಾ ಪೇಪರು ಓದುವ ಹೊತ್ತಿಗೇ ಸರಿಯಾಗಿ ಬಂಡೆಯ ಹಿಂದೆ ಬಂದು ಕೂರುತ್ತದೆಯೇ? ಪಂಚಮಿ ಕೇಳಲಿಲ್ಲ. ಕೇಳಿದರೂ ಇವರು ಸೀಟಿನಿಂದ ಇಳಿಯುವವರಲ್ಲ. ನಾಯಿ ಕರೆತಂದವನು ನಾಯಿಯ ಜೊತೆ ನಡೆಯಬೇಕು, ಅದು ಎಲ್ಲಿ ಮೂಸಿತು ಎಲ್ಲಿ ಕೂತಿತು ನೋಡಬೇಕು. ಅಷ್ಟು ಮಾಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಅವಳಿಗೆ ಒಂದೇ ಯೋಚನೆ: ಈ ಮನುಷ್ಯನನ್ನು ಜೀಪಿನಿಂದ ಇಳಿಸಬೇಕು.

ಮೆಡಿಕಲ್ ಶಾಪಿನ ಗೆಳತಿ ರಶ್ಮಿಯ ಫೋನು ತೆಗೆದುಕೊಂಡು, ಮಾತ್ರೆ ಡಬ್ಬಗಳ ಹಿಂದೆ ನಿಂತು, ಪಂಚಮಿ ಗಂಟಲು ಸರಿಮಾಡಿದಳು. ಆ ಕಡೆ ಗೌಡರು ಹಲೋ ಅಂದದ್ದೇ, ಬೆಂಗಳೂರಿನ ಹದಿನೆಂಟನೇ ಮಹಡಿಯ ಎ.ಸಿ. ರೂಮಿನಿಂದ ಬಂದಂಥ ದನಿ ಹೊರಟಿತು.

"ಹಲೋ ಸರ್, ಮೋನಿಕಾ ಮಾತಾಡ್ತಿರೋದು. ನಿಮ್ ಸೈಡಲ್ಲಿ ರಿವರ್ ಸೈಡ್ ಪುನುಗು ಕಾಫಿ ಸಿಗತ್ತೆ ಅಂತ ಕೇಳಿದ್ವಿ. ಕಾಡಿಂದು ಎಲ್ರ ಹತ್ರಾನೂ ಇದೆ ಸರ್, ಹೊಳೆ ಮರಳಿನ ಮೇಲಿಂದು ತುಂಬ ರೇರ್. ಆದ್ರೆ ಓನರ್ ಪರ್ಸನಲ್ ಆಗಿ ಕಲೆಕ್ಟ್ ಮಾಡ್ಬೇಕು. ಬೇರೆಯವ್ರ ಕೈ ಟಚ್ ಆದ್ರೆ ಗ್ರೇಡ್ ಹೋಗ್ಬಿಡತ್ತೆ."

ತೊಳೆಯಬೇಡಿ, ಒಣಗಿಸಬೇಡಿ, ಹಾಗೇ ಇಟ್ಟಿರಿ, ನಾವೇ ಬಂದು ನೋಡುತ್ತೇವೆ ಎಂದೂ ಸೇರಿಸಿ ಫೋನು ಇಟ್ಟಳು. ರಶ್ಮಿ ಕೌಂಟರಿನ ಕೆಳಗೆ ಕೂತು ಬಾಯಿಗೆ ಹತ್ತಿ ತುರುಕಿಕೊಂಡಿದ್ದಳು. ಪಂಚಮಿಯ ಲೆಕ್ಕ ಹೀಗಿತ್ತು: ಗೌಡರು ಬಂಡೆಯ ಹತ್ತಿರ ಹೋಗುತ್ತಾರೆ, ಮೇಜರ್ ಕೂತಿರುವುದನ್ನು ಕಣ್ಣಾರೆ ಕಾಣುತ್ತಾರೆ, ನಾಚುತ್ತಾರೆ, ಬೋರ್ಡು ರದ್ದು.

ಮರುದಿನ ಗೌಡರು ನಿಜಕ್ಕೂ ಇಳಿದರು. ಕೈಗೆ ಗ್ಲೌಸು, ಒಲೆಯ ಇಕ್ಕಳ, ಸ್ಟೀಲಿನ ಟಿಫಿನ್ ಡಬ್ಬ. ಆದರೆ ಅವರು ಗಮ್ ಬೂಟು ಏರಿಸಿಕೊಂಡು, ಗ್ಲೌಸಿಗೆ ಬೆರಳು ಹುಡುಕುವಷ್ಟರಲ್ಲಿ ಮೇಜರ್ ತನ್ನ ಕೆಲಸ ಮುಗಿಸಿ ನೀರಿಗೆ ಹಾರಿಯಾಗಿತ್ತು. ಗೌಡರು ಬಂಡೆಯ ಹಿಂದೆ ಹೋದರೆ ಹಬೆಯಾಡುವ ಹೊಸ ಹಿಕ್ಕೆ, ಅದರಲ್ಲಿ ಮುತ್ತಿನಂತೆ ಬೀಜ. ಅವರು ಕೈಮುಗಿಯುವುದೊಂದು ಬಾಕಿ. ಸುತ್ತ ನಾಯಿ ಹೆಜ್ಜೆ ಇದ್ದವು. ಮೇಜರ್ ವಾಸನೆ ಹಿಡಿದು ಬೆಕ್ಕನ್ನು ಹುಡುಕಿದೆ, ಎಂಥ ಬುದ್ಧಿಯ ನಾಯಿ ಎಂದು ಅವರು ಗುರುವಯ್ಯನವರಿಗೆ ತೋರಿಸಿದರು. ಗುರುವಯ್ಯ ತಲೆಯಾಡಿಸಿದರು.

ಹೀಗೆ ದಿನಾ, ಎರಡು ವಾರ. ದಂಡೆ ಅಂಗೈಯಂತೆ ಸ್ವಚ್ಛವಾಯಿತು. ಪಂಚಮಿಗೆ ನಗು ಬರಬೇಕಿತ್ತು. ಒಂದೆರಡು ದಿನ ಬಂತು ಕೂಡ. ಆಮೇಲೆ ಗೌಡರೇ ಕರೆದು ಹೇಳಿದ್ದನ್ನು ಕೇಳಿ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾಯಿಗಳ ಓಡಾಟ ಇದ್ದರೆ ಪುನುಗು ಹೆದರಿ ಜಾಗ ಬಿಡುತ್ತದಂತೆ. ಆದ್ದರಿಂದ ಬೋರ್ಡನ್ನು ತಿಂಗಳ ಕೊನೆಯ ತನಕ ಕಾಯಿಸದೆ ಈ ಭಾನುವಾರವೇ ಹಾಕಿಸುವುದಂತೆ.

ಮರಳಿನ ಮೇಲಿನದೆಲ್ಲ ಬೆಕ್ಕಿನದು ಅಂದಮೇಲೆ ನಾಯಿ ಗಲೀಜು ಎಲ್ಲಿದೆ, ಬೋರ್ಡು ಯಾಕೆ ಎಂದು ಅವಳು ಹಲ್ಲು ಕಚ್ಚಿಕೊಂಡು ಕೇಳಿದಳು.

"ಅದು ಬೇರೆ, ಇದು ಬೇರೆ," ಎಂದರು ಗೌಡರು.

ಎಲ್ಲವನ್ನೂ ಒಪ್ಪಿಕೊಂಡುಬಿಡೋಣವೆಂದರೆ, ಮೋನಿಕಾ ಯಾರೆಂದು ತಿಳಿದ ಕೂಡಲೇ ಅವರು ಭಾನುವಾರದ ಬೋರ್ಡನ್ನು ಇವತ್ತೇ ನೆಡುತ್ತಾರೆ. ಸುಮ್ಮನಿದ್ದರೆ ಭಾನುವಾರ ನೆಡುತ್ತಾರೆ. ಅವಳ ಗಂಟಲಲ್ಲಿದ್ದ ಅಷ್ಟೂ ದನಿಗಳಲ್ಲಿ ಒಂದೂ ಸಹಾಯಕ್ಕೆ ಬರಲಿಲ್ಲ. ಕರಿಯನನ್ನು ನೀರಿಗಿಳಿಸಿ ಹೊಟ್ಟೆಯ ಕೆಳಗೆ ಕೈ ಕೊಟ್ಟು ನಿಂತಾಗ ಹಿಂಗಾಲು ಎರಡೂ ಒಟ್ಟಿಗೆ ಒದೆದವು. ಸಂತೋಷಪಡುವ ಗಳಿಗೆ. ಅವಳಿಗೆ ಅಳು ಬಂತು.

ಅದೇ ವಾರ ಗೌಡರ ಡ್ರೈವರು ಭಟ್ಟರ ಮನೆಗೆ ಕಾಫಿ ಪುಡಿಯ ಪೊಟ್ಟಣ ತಂದುಕೊಟ್ಟು ಹೋಗಿದ್ದ. ಅದೇನೂ ಹೊಸತಲ್ಲ. ಗೌಡರ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ: ಹೊಸ ಬೆಳೆಯ ಮೊದಲ ಹುರಿಯ ಪುಡಿ ಭಟ್ಟರ ಮನೆಗೆ. ಅಲ್ಲಿಂದ ಚೆನ್ನಾಗಿದೆ ಎಂಬ ಮಾತು ಬರುವ ತನಕ ಗೌಡರ ಮನೆಯಲ್ಲಿ ಯಾರೂ ಹೊಸ ಪುಡಿ ಮುಟ್ಟುವುದಿಲ್ಲ, ಹಳೆಯದೇ ಕುಡಿಯುತ್ತಾರೆ. ಭಟ್ಟರಿಗೂ ಭಾಗೀರಥಿಗೂ ಗ್ಯಾಸ್ಟ್ರಿಕ್, ಇಬ್ಬರದೂ ಜೀರಿಗೆ ಕಷಾಯ. ಹಾಗಾಗಿ ಆ ಪುಡಿಯನ್ನು ಕುಡಿದು ತೀರ್ಪು ಹೇಳುವ ಅಧಿಕಾರ ಕೆಲವು ವರ್ಷಗಳಿಂದ ಪಂಚಮಿಯದಾಗಿತ್ತು. ಈ ಸಲದ ಪುಡಿ, ಹಾಳಾದ್ದು, ಬಹಳ ಚೆನ್ನಾಗಿತ್ತು. ಏನೋ ಒಂದು ಮೃದು, ಏನೋ ಒಂದು ಘಮ. ದಿನಾ ಎರಡು ಲೋಟ ಕುಡಿದಳು. ಆದರೆ ಗೌಡರ ಮೇಲಿನ ಸಿಟ್ಟಿಗೆ, ಚೆನ್ನಾಗಿದೆ ಎಂದು ಮಾತ್ರ ಹೇಳಿಕಳಿಸಲಿಲ್ಲ. ಹಳೇ ಪುಡಿಯನ್ನೇ ಕುಡಿದು ಸಾಯಲಿ ಅಂದುಕೊಂಡಳು. ತಂದೆ ಎರಡು ಸಲ ನೆನಪಿಸಿದರೂ ಹೂಂಗುಟ್ಟಿ ಸುಮ್ಮನಾದಳು.

ಭಾನುವಾರ ಬಂತು. ಸಮಿತಿಯವರು ದಂಡೆಯಲ್ಲಿ ಸೇರಿದರು. ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡಿದರು. ಗುರುವಯ್ಯನವರ ತೋಳಿನಲ್ಲಿ 'ನಾಯಿಗಳಿಗೆ ಪ್ರವೇಶವಿಲ್ಲ' ಎಂದು ಕೆಂಪಕ್ಷರದ ಹೊಸ ಬೋರ್ಡು, ಬಣ್ಣ ಇನ್ನೂ ಪೂರ್ತಿ ಒಣಗದ್ದಕ್ಕೆ ಅವರ ಶಾಲಿಗೂ ಅರ್ಧ 'ಪ್ರವೇಶವಿಲ್ಲ' ಅಂಟಿತ್ತು. ಪಂಚಮಿ ಕೊನೆಯ ಸಲಕ್ಕೆಂದು ಕರಿಯನನ್ನು ನೀರಿಗಿಳಿಸಿ, ಮೊಣಕಾಲಿನ ತನಕ ಪ್ಯಾಂಟು ಮಡಚಿಕೊಂಡು, ಯಾರ ಮುಖವನ್ನೂ ನೋಡದೆ ನಿಂತಿದ್ದಳು.

ಗೌಡರು ಬಂದರು. ಹತ್ತು ಜನರ ಮುಂದೆ ಬೋರ್ಡು ನೆಡುವ ದಿನ ತಮ್ಮ ನಾಯಿಯನ್ನೇ ಬಿಟ್ಟಿದ್ದಾರೆ ಎನ್ನಿಸಿಕೊಳ್ಳಬಾರದಲ್ಲ. ಹಾಗಾಗಿ ಮೊಟ್ಟಮೊದಲ ಬಾರಿಗೆ ಮೇಜರ್‌ನ ಕುತ್ತಿಗೆಗೆ ಹಗ್ಗ ಬಿದ್ದಿತ್ತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಟಿಫಿನ್ ಡಬ್ಬ ಮತ್ತು ಇಕ್ಕಳ. ಇವತ್ತು ಬೆಕ್ಕು ಬಂದಿಲ್ಲವೆಂದು ಕಾಣುತ್ತದೆ, ಬಂಡೆಯ ಹಿಂದೆ ಏನೂ ಇಲ್ಲ ಎಂದು ಅವರು ಗುರುವಯ್ಯನವರಿಗೆ ವಿವರಿಸುತ್ತಿದ್ದರು.

ಮೇಜರ್ ಬಂಡೆಯ ಕಡೆ ಎಳೆಯಿತು. ಗೌಡರು ಬಿಡಲಿಲ್ಲ. ಮತ್ತೆ ಎಳೆಯಿತು, ಕುಂಯ್ ಎಂದಿತು, ಯಜಮಾನರ ಮುಖವನ್ನು ಒಮ್ಮೆ ದೀನವಾಗಿ ನೋಡಿತು. ಪಂಚಮಿಗೆ ನೀರಿನಿಂದಲೇ ಎಲ್ಲ ಅರ್ಥವಾಯಿತು. ಮೇಜರ್ ಸುತ್ತು ಹೊಡೆದು, ಬೆನ್ನು ಬಿಲ್ಲು ಮಾಡಿ, ಸಮಿತಿಯ ಎದುರಿಗೆ, ಹಗ್ಗದ ತುದಿಯಲ್ಲಿ, ಗೌಡರ ಬೂಟಿನ ಪಕ್ಕದಲ್ಲೇ ಕೂತುಬಿಟ್ಟಿತು.

ಅದು ಎದ್ದಾಗ ಎಲ್ಲರೂ ಬಗ್ಗಿ ನೋಡಿದರು. ಬಿಸಿಲಿಗೆ ಬೀಜಗಳು ಹೊಳೆಯುತ್ತಿದ್ದವು.

ಕೊನೆಗೆ ಗುರುವಯ್ಯ, ಜೀವನದಲ್ಲಿ ಮೊದಲ ಸಲ ತಲೆಯಾಡಿಸದೆ, ನಿಧಾನವಾಗಿ ಅಂದರು: "ಗೌಡ್ರೆ, ನಿಮ್ ಬೆಕ್ಕು ಭಾರೀ ಬೆಳ್ದದೆ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಪಂಚಮಿಯ ಬಾಯಿ ಎಂದೂ ಅಷ್ಟಕ್ಕೇ ಬಿಟ್ಟದ್ದಲ್ಲ. ಅವಳು ತಡೆಯುವ ಮುಂಚೆ ಹದಿನೆಂಟನೇ ಮಹಡಿಯ ದನಿ ಹೊರಗೆ ಬಂದಾಗಿತ್ತು: "ಫ್ರೆಶ್ ಸ್ಟಾಕ್ ಸರ್. ಪರ್ಸನಲ್ ಆಗಿ ಕಲೆಕ್ಟ್ ಮಾಡಿ."

ಗೌಡರು ಮೆಲ್ಲಗೆ ತಿರುಗಿದರು. ಮುಖ ಹಣ್ಣು ಕಾಫಿಯಂತೆ ಕೆಂಪಗಾಯಿತು. ಅವರು ಕೂಗಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಗುರುವಯ್ಯನವರ ಕೈಯಿಂದ ಬೋರ್ಡು ಇಸಿದುಕೊಂಡು, ಗುಂಡಿ ತೋಡಿದಲ್ಲಿ ತಾವೇ ಊರಿ, ಇದು ಈಗಲೇ ನಿಲ್ಲುತ್ತದೆ, ಇನ್ನು ಈ ಮಳಲಿಗೆ ನಾಯಿಯ ನೆರಳೂ ಬೀಳಬಾರದು ಅಂದರು. ಪಂಚಮಿ ಕರಿಯನನ್ನು ಎತ್ತಿಕೊಂಡು ಮೇಲೆ ಬಂದಳು. ಅದರ ಮೈಯ ನೀರೆಲ್ಲ ಅವಳ ಅಂಗಿಗೆ ಇಳಿಯುತ್ತಿತ್ತು. ತಪ್ಪು ನಂದು, ನಾಯಿದಲ್ಲ, ಇದಕ್ಕೆ ಬೇರೆ ನೀರಿಲ್ಲ ಎಂದು ಈ ಸಲ ತನ್ನ ಸ್ವಂತ ದನಿಯಲ್ಲೇ ಹೇಳಿದಳು. ಗೌಡರು ಬೋರ್ಡಿನ ಬುಡಕ್ಕೆ ಕಲ್ಲು ತುಂಬುತ್ತಲೇ ಇದ್ದರು.

ಮೂರನೆಯದೋ ನಾಲ್ಕನೆಯದೋ ಕಲ್ಲು ಕೈಯಲ್ಲಿ ಹಿಡಿದವರು ಹಾಗೇ ನಿಂತರು. ಏನೋ ನೆನಪಾದಂತೆ ಕಣ್ಣು ಕಿರಿದಾದವು.

"ಪಂಚಮಿ, ನಿಮ್ಮನೆಗೆ ಪುಡಿ ಬಂತಾ?"

"ಬಂತು."

"ಹೇಳ್ಕಳ್ಸೇ ಇಲ್ವಲ್ಲ. ಭಟ್ರು ಕುಡಿದ್ರಾ?"

"ಅಪ್ಪ ಅಮ್ಮಂದು ಕಷಾಯ. ಮನೇಲಿ ಕಾಫಿ ನಾನೊಬ್ಳೇ," ಎಂದಳು ಪಂಚಮಿ, ಇದನ್ನೆಲ್ಲ ಈಗ ಯಾಕೆ ಕೇಳುತ್ತಾರೆಂದು ತಿಳಿಯದೆ.

"ಕುಡಿದ್ಯಾ?"

"ಕುಡಿದೆ. ದಿನಾ. ಚೆನ್ನಾಗೇ ಇತ್ತು."

ಗೌಡರು ಕಲ್ಲನ್ನು ಬಹಳ ಜೋಪಾನವಾಗಿ ಕೆಳಗಿಟ್ಟರು. ತೊಳೆಯಬೇಡಿ ಒಣಗಿಸಬೇಡಿ ಅಂತ ಆ ಮೋನಿಕಾ ಹೇಳಿದ್ದಳು, ಆದರೆ ಕಾಫಿ ಬೀಜವನ್ನು ಹಸಿಯಾಗಿ ಬಿಡಲು ಪ್ಲಾಂಟರ್ ಆದವನಿಗೆ ಕೈ ಬರುತ್ತದೆಯೇ, ಮೊದಲು ಸಿಕ್ಕಿದ್ದನ್ನು ತಾನೇ ತೊಳೆದೆ, ಕಣದಲ್ಲಿ ಒಣಗಿಸಿದೆ, ಸಿಪ್ಪೆ ತೆಗೆದು ಒಂದು ಹಿಡಿಯನ್ನು ವರ್ಷದ ಮೊದಲ ಹುರಿಗೇ ಸೇರಿಸಿದೆ ಎಂದು ಅವರು ಒಂದೊಂದೇ ಮಾತನ್ನು ತೂಗಿ ತೂಗಿ ಹೇಳಿದರು. "ಪುನುಗು ದೇವ್ರಿಗೇ ಹಚ್ಚೋದು, ಮೈಲಿಗೆ ಅಲ್ಲ, ಶ್ರೇಷ್ಠ ಅಂತ ನಿಮ್ಮನೆಗೇ ಮೊದ್ಲು ಕಳ್ಸಿದೆ. ನಿಮ್ ಕಡೆಯಿಂದ ಮಾತು ಬರ್ಲಿಲ್ಲ ನೋಡು, ನಮ್ಮನೇಲಿ ಇವತ್ತಿಗೂ ಹಳೇ ಪುಡಿನೇ."

ಪಂಚಮಿ ಮೇಜರ್‌ನ ಕಡೆ ನೋಡಿದಳು. ಮೇಜರ್ ಬಾಲ ಆಡಿಸಿತು. ಏನೋ ಒಂದು ಮೃದು, ಏನೋ ಒಂದು ಘಮ. ಅವಳು ಕರಿಯನನ್ನು ಕೆಳಗಿಳಿಸಿ, ಹೊಳೆಯ ಅಂಚಿಗೆ ಓಡಿ, ಬೊಗಸೆ ಬೊಗಸೆ ನೀರು ತುಂಬಿ ಬಾಯಿ ಮುಕ್ಕಳಿಸತೊಡಗಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗುರುವಯ್ಯ ಶಾಲಿನಿಂದ ಮುಖ ಮುಚ್ಚಿಕೊಂಡು ಕೆನ್ನೆಗೂ ಬಣ್ಣ ಮಾಡಿಕೊಂಡರು.

ಗೌಡರು ಮೊದಲು ಬೋರ್ಡಿನ ಕಂಬ ಹಿಡಿದುಕೊಂಡರು. ನಗು ಹೊಟ್ಟೆಯಲ್ಲಿ ಹೊರಳಿ ಮೇಲೆ ಬಂದ ರಭಸಕ್ಕೆ ಅರ್ಧ ಹೂತಿದ್ದ ಕಂಬ ಕಿತ್ತುಬಂತು. ಕಂಬದ ಜೊತೆಗೇ ಅವರೂ ಮಳಲಿನ ಮೇಲೆ ಕೂತರು. ಕೂತಲ್ಲಿಂದಲೇ, ಮಾತು ಬರುವ ಸಂದಿನಲ್ಲಿ, ಇದನ್ನು ಅಳಿಸಿ ಬೇರೆ ಬರೆಸಿ, ನಾಯಿ ತಂದವರು ಹಗ್ಗ ಹಿಡಿದು ಜೊತೆಗೇ ನಡೆಯಬೇಕು, ತಮ್ಮದನ್ನು ತಾವೇ ಎತ್ತಬೇಕು ಅಂತ ಬರೆಸಿ, ಎಂದು ಗುರುವಯ್ಯನವರಿಗೆ ಕೈಸನ್ನೆ ಮಾಡಿದರು. ಇಕ್ಕಳ ತೆಗೆದು ಮೇಜರ್‌ದನ್ನು ಎತ್ತಿ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು. ಅಷ್ಟರಲ್ಲಿ ಹೊಳೆಯಂಚಿನಿಂದ ಪಂಚಮಿ ಮತ್ತೊಂದು ಸಲ ಗಳಗಳ ಮಾಡಿ ಉಗುಳಿದ ಸದ್ದು ಕೇಳಿತು. "ದಿನಾ ಎಷ್ಟು ಲೋಟ ಅಂದೆ?" ಎಂದು ಕೇಳಿದವರಿಗೆ ಉತ್ತರ ಕೇಳಿಸಿಕೊಳ್ಳುವಷ್ಟು ಉಸಿರೇ ಉಳಿಯಲಿಲ್ಲ. ಡಬ್ಬವನ್ನು ಎದೆಗೊತ್ತಿಕೊಂಡು, ಮರಳಿನಲ್ಲಿ ಕಾಲು ಚಾಚಿ, ಕಣ್ಣಲ್ಲಿ ನೀರು ಸುರಿಸುತ್ತ ಅವರು ನಕ್ಕ ನಗು ಎಷ್ಟು ದೊಡ್ಡದಿತ್ತೆಂದರೆ, ಹೊಳೆಯ ಆಚೆ ದಡದಲ್ಲಿ ಕಾಫಿ ಕುಯ್ಯುತ್ತಿದ್ದವರೆಲ್ಲ ಕೈ ನಿಲ್ಲಿಸಿ, ಗಿಡಗಳ ಸಂದಿಯಿಂದ ಇಣುಕಿ, ಏನಾಯಿತೆಂದು ತಿಳಿಯದೆಯೇ ನಗಲು ಶುರುಮಾಡಿದರು.